ನರಸಿಂಹನ ಯೋಮ್ ಕಿಪ್ಪುರ್

ನರಸಿಂಹನಿಗೆ ಕಷ್ಟ ತಂದದ್ದು ಅವನ ನಾಲಿಗೆಯೇ. ಅವನು ನೆಲೆಸಿದ್ದ ಪರದೇಶದ ಊರು ಸೀಡರ್ ಪಾರ್ಕಿನಲ್ಲಿ, ಪಕ್ಕದ ಮನೆಯ ಅರ್ನಿ ಅಂಕಲ್ ಬೇಲಿಯಾಚೆ ನಿಂತು, "ಹೆಂಡತಿ ಹೋದಮೇಲೆ ಇದು ಮೊದಲ ಯೋಮ್ ಕಿಪ್ಪುರ್. ಒಬ್ಬನೇ ಉಪವಾಸ ಮಾಡಬೇಕು" ಎಂದರು. ನರಸಿಂಹ ತಡೆಯಲಾರದೆ, "ನಾನಿದೀನಲ್ಲ ಅಂಕಲ್, ಜೊತೆಗೆ ಮಾಡ್ತೀನಿ" ಎಂದುಬಿಟ್ಟ. ಯೆಹೂದಿಗಳ ಈ ಪ್ರಾಯಶ್ಚಿತ್ತದ ದಿನ, ಹಿಂದಿನ ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ ಹನಿ ನೀರೂ ಇಲ್ಲವೆಂದು ತಿಳಿದದ್ದು ಆಮೇಲೆ.

ಅದಕ್ಕಿಂತ ದೊಡ್ಡ ಭಯ ಮನೆಯೊಳಗಿತ್ತು. ತಾಯಿ ಸರೋಜಮ್ಮನ ಏಕಾದಶಿಯಿಂದ ತಪ್ಪಿಸಿಕೊಳ್ಳಲು ಅವನು ಹತ್ತು ವರ್ಷದಿಂದ, "ನಂಗೆ ಗ್ಯಾಸ್ಟ್ರಿಕ್ ಅಮ್ಮಾ, ಹಸಿದಿದ್ರೆ ಆಗಲ್ಲ" ಎನ್ನುತ್ತ ಬಂದಿದ್ದ. ಈ ಉಪವಾಸ ಅವರಿಗೆ ಗೊತ್ತಾದರೆ ಸುಳ್ಳು ಬಯಲಾಗುತ್ತಿತ್ತು.

ಬೆಳಗ್ಗೆ ತಾಯಿ ಕೊಟ್ಟ ಕಾಫಿಯನ್ನು ಗುಟ್ಟಾಗಿ ಕರಿಬೇವಿನ ಕುಂಡಕ್ಕೆ ಸುರಿದ. ಆ ಗಿಡದ ಮೇಲೆ ಹೊಟ್ಟೆಕಿಚ್ಚಾಯಿತು. ದೋಸೆಗೆ ಕರೆ ಬರುವಷ್ಟರಲ್ಲಿ ಅರ್ನಿ ಅಂಕಲ್‌ರನ್ನು ಕೂರಿಸಿಕೊಂಡು ಕಾರು ತೆಗೆದ. ಎದುರುಮನೆಯ ಸುಮಿತ್ರವ್ವ ಅಡ್ಡ ಬಂದರು.

"ಯಾಕ್ರಿ, ಮಾರಿ ಬಾಡೇತಿ? ಗಿರ್ಮಿಟ್ ಮಾಡೀನಿ, ತಗೋರಿ!"

ಉಪವಾಸ ಎಂದರೆ ಹತ್ತು ನಿಮಿಷದಲ್ಲಿ ಅಮ್ಮನ ಕಿವಿಗೆ ಮುಟ್ಟುತ್ತದೆ. ತೆಪ್ಪಗೆ ಡಬ್ಬಿ ಇಸಿದುಕೊಂಡ. ಮಂಡಕ್ಕಿಗೆ ಕಲಸಿದ ಹಸಿ ಈರುಳ್ಳಿಯ ಘಮ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಅವನನ್ನು ಕರೆಯುತ್ತಲೇ ಇತ್ತು.

ಸಿನಗಾಗಿನಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಜನ ಎದೆ ತಟ್ಟಿಕೊಂಡು ತಪ್ಪೊಪ್ಪಿಕೊಳ್ಳುತ್ತಿದ್ದರು. ಅರ್ನಿ ಅಂಕಲ್ ಪಿಸುಗುಟ್ಟಿದರು: "ದೇವರಿಗೆ ಮಾಡಿದ ತಪ್ಪನ್ನ ದೇವರು ಮನ್ನಿಸ್ತಾನೆ. ಮನುಷ್ಯರಿಗೆ ಮಾಡಿದ್ದಕ್ಕೆ ಅವರ ಹತ್ರಾನೇ ಹೋಗಿ ಕ್ಷಮೆ ಕೇಳಬೇಕು." ಹೋದ ವರ್ಷ ಹೆಂಡತಿ ಕೂತಿದ್ದ ಕುರ್ಚಿಯನ್ನು ಸವರಿ ಕಣ್ಣೊರೆಸಿಕೊಂಡರು. ಪ್ರತಿ ಏಕಾದಶಿ ಅಮ್ಮ ತಾನು ಹಸಿದಿದ್ದು ಮಗನಿಗೆ ಮಾತ್ರ ಅನ್ನ ಮಾಡಿ ಬಡಿಸುತ್ತಿದ್ದದ್ದು ನೆನಪಾಗಿ ನರಸಿಂಹನಿಗೆ ತುಂಬ ನಾಚಿಕೆಯಾಯಿತು.

ಕತ್ತಲಾದ ಮೇಲೆ ಇಬ್ಬರೂ ನರಸಿಂಹನ ಮನೆಗೆ ಬಂದರು. ಹೆಂಡತಿ ವಾಣಿಶ್ರೀ ಅರ್ನಿ ಅಂಕಲ್‌ಗೆಂದು ಅನ್ನ, ತಿಳಿಸಾರು, ಶಾವಿಗೆ ಪಾಯಸ ಮಾಡಿಟ್ಟಿದ್ದಳು. ಇಬ್ಬರಿಗೂ ತಟ್ಟೆ ಹಾಕಿದಳು. ತುತ್ತು ಎತ್ತುವ ಮೊದಲು ನರಸಿಂಹ ತಾಯಿಯ ಕಾಲು ಹಿಡಿದುಕೊಂಡ.

"ಅಮ್ಮಾ, ನಂಗೆ ಗ್ಯಾಸ್ಟ್ರಿಕ್ಕೂ ಇಲ್ಲ ಏನೂ ಇಲ್ಲ. ಹತ್ತು ವರ್ಷ ಸುಳ್ಳು ಹೇಳಿದೆ. ನಿನ್ನೆ ಸಂಜೆಯಿಂದ ನೀರೂ ಮುಟ್ಟಿಲ್ಲ, ನೋಡು, ಗುಂಡುಕಲ್ಲಿನ ಹಾಗಿದೀನಿ. ಕ್ಷಮಿಸಿಬಿಡು."

ಸರೋಜಮ್ಮನ ಕಣ್ಣು ತುಂಬಿತು. "ಅಷ್ಟೇನಾ? ಏಳೋ, ಕ್ಷಮಿಸಿದೀನಿ" ಎಂದು ತಲೆ ಸವರಿದರು. ಆಮೇಲೆ ಅವನ ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡರು. "ಪಾಪ, ನಿನ್ನ ಹೊಟ್ಟೆಗೆ ಕಷ್ಟ ಅಂತ ಇಷ್ಟು ದಿನ ಸುಮ್ನಿದ್ದೆ. ಇವತ್ತು ದಶಮಿ, ರಾತ್ರಿ ಊಟ ಮಾಡೋ ಹಾಗಿಲ್ಲ. ನಾಳೆ ಏಕಾದಶಿ. ನಾಡಿದ್ದು ಬೆಳಗ್ಗೆ ದ್ವಾದಶಿ, ಹೊಟ್ಟೆ ತುಂಬ ಬಡಿಸ್ತೀನಿ ಕಂದಾ."

ವಾಣಿಶ್ರೀ ವಿಷಯ ಬಿಡಿಸಿ ಹೇಳಿದಾಗ ಅರ್ನಿ ಅಂಕಲ್ ಎದ್ದು ಬಂದು ನರಸಿಂಹನ ಹೆಗಲು ತಟ್ಟಿದರು.

"ಹೆದರಬೇಡಪ್ಪ, ನಾಳೆ ದಿನವಿಡೀ ನಾನು ನಿನ್ನ ಜೊತೆ ಕೂತಿರ್ತೀನಿ" ಎಂದು, ವಾಣಿಶ್ರೀಯ ಕಡೆಗೆ ಪಾಯಸದ ಬಟ್ಟಲನ್ನು ಎರಡನೇ ಸಲ ಚಾಚಿದರು.