ನಾಲ್ಕನೇ ಸೀಟಿನ ಭೂವಿಜ್ಞಾನ

ಈ ಭೂಮಿಯ ಮೇಲೆ ಸ್ಥಿರವಾದದ್ದು ಯಾವುದೂ ಇಲ್ಲ. ನಾವು ಅಚಲವೆಂದು ನಂಬಿದ ಖಂಡಗಳೇ ಭಾರೀ ಶಿಲಾಫಲಕಗಳ ಮೇಲೆ ಕುಳಿತು, ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತಲೇ ಇವೆ. ಸರಿಯದೇ ಇರುವವರು ವಾಸು ಶೆಟ್ಟರೊಬ್ಬರೇ.

ಮುಂಬಯಿಯ ಗ್ರಾಂಟ್ ರೋಡಿನಲ್ಲಿ ಹೋಟೆಲ್ ಇಟ್ಟಿರುವ ಶೆಟ್ಟರು ಕಾಂದಿವಲಿಯಲ್ಲೇ ಸ್ಲೋ ಲೋಕಲ್ ರೈಲು ಹತ್ತಿ ಕಿಟಕಿ ಹಿಡಿಯುತ್ತಾರೆ. ಅವರ ಪಕ್ಕ ಫ್ರಿಜ್ ರಿಪೇರಿ ಮಾಡುವ ವಿಜಯಪುರದ ಕಡೆಯ ಮೌಲಾಸಾಬ್. ಆಮೇಲೆ ಸದಾ ನಿದ್ರಿಸುವ ಮೆಹ್ತಾ ಭಾಯಿ. ಮೂವರ ಬೆಂಚು ಅಲ್ಲಿಗೆ ಭರ್ತಿ. ಆದರೆ ಮುಂಬಯಿಯಲ್ಲಿ ಮೂವರ ಬೆಂಚಿನ ಮೇಲೆ ನಾಲ್ವರು ಕೂರುವುದು ಪದ್ಧತಿ. ಮಲಾಡಿನಲ್ಲಿ ಹತ್ತುವ ನಾನು ಆ ನಾಲ್ಕನೆಯವನು. ಅರ್ಧ ಭಾರ ಬೆಂಚಿನ ಮೇಲೆ, ಉಳಿದರ್ಧ ದೇವರ ಮೇಲೆ. ಅಂಧೇರಿ ಬಂದಾಗ ಕೂತವರಲ್ಲಿ ಒಬ್ಬರು ಎದ್ದು ಉಳಿದವರಿಗೆ ಜಾಗ ಬಿಡಬೇಕೆಂಬ ಒಪ್ಪಂದವೇನೋ ಇತ್ತು. ದಿನವೂ ಅಂಧೇರಿ ಬರುತ್ತಿತ್ತು, ಯಾರೂ ಏಳುತ್ತಿರಲಿಲ್ಲ.

ಒಂದು ದಿನ ಮೌಲಾಸಾಬ್ ಕೇಳಿದರು: “ಸರ್, ಆಫೀಸಿನ್ಯಾಗ ನೀವು ಖರೇನ ಏನ್ ಮಾಡ್ತೀರಿ?”

ಒಂದು ಫಲಕ ಇನ್ನೊಂದರ ಕೆಳಗೆ ಹೇಗೆ ನುಗ್ಗುತ್ತದೆ ಎಂಬುದರ ಸಂಶೋಧನೆಯಲ್ಲಿ ನನ್ನ ಕೂದಲು ಉದುರಿದೆ. ಹೆಂಡತಿ ಬಂಧುಗಳಿಗೆ “ಅದೇನೋ ಕಲ್ಲಿನ ಕೆಲಸ” ಎಂದು ಹೇಳಿ ಮಾತು ಬದಲಿಸುತ್ತಾಳೆ. ಹೀಗಿರುವಾಗ ತಾನಾಗಿಯೇ ಕೇಳುವವನೊಬ್ಬ ಸಿಕ್ಕಿದ್ದ. ಜ್ಞಾನಪ್ರಸಾರದ ಜೊತೆಗೆ ಪೂರ್ತಿ ಸೀಟನ್ನೂ ಗಿಟ್ಟಿಸಬಹುದೆಂದು ಹೊಳೆಯಿತು. ಎರಡೂ ಅಂಗೈಗಳನ್ನು ಎದುರುಬದುರು ಒತ್ತಿ, “ಫಲಕಗಳು ಹೀಗೆ ಒತ್ತಿಕೊಂಡರೆ ಎರಡಕ್ಕೂ ಜಾಗ ಸಾಲುವುದಿಲ್ಲ. ಒಂದು ಕೆಳಗೆ ಹೋಗಲೇಬೇಕು. ನಮ್ಮ ಈ ಬೆಂಚಿನ ಹಾಗೆ,” ಎಂದು ಶೆಟ್ಟರ ಹೊಟ್ಟೆಯನ್ನು ಅರ್ಥಪೂರ್ಣವಾಗಿ ನೋಡಿದೆ.

“ಹೋಗುವುದು ಯಾವುದು ಮಾರಾಯ್ರೆ? ದಪ್ಪದ್ದಾ?” ಎಂದರು ಶೆಟ್ಟರು.

ಇಲ್ಲೊಂದು ಸಣ್ಣ ಸುಳ್ಳು ಹೇಳಿದ್ದರೆ ಕಿಟಕಿಯೇ ನನ್ನದಾಗುತ್ತಿತ್ತು. ಆದರೆ ವಿಜ್ಞಾನಿಗೆ ಮಾನ ಎಂಬುದೊಂದಿದೆ. “ಇಲ್ಲ. ಖಂಡದ ಫಲಕ ದಪ್ಪ, ಆದರೆ ಹಗುರ. ಅದು ಮೇಲೆಯೇ ಉಳಿಯುತ್ತದೆ. ಸಮುದ್ರದ ತಳದ್ದು ತೆಳ್ಳಗೆ. ಹಳೆಯದಾಗಿ, ತಣ್ಣಗಾಗಿ, ಅದೇ ಕೆಳಗೆ ಹೋಗುವುದು.”

ಮೆಹ್ತಾ ಭಾಯಿ ಕೂಡ ಒಂದು ಕಣ್ಣು ತೆರೆದರು.

“ತೆಳ್ಳಗ, ಹಳೇದು, ತಣ್ಣಗ...” ಮೌಲಾಸಾಬ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಸರ್, ಇಡೀ ಡಬ್ಬಿಯೊಳಗ ಸ್ವೆಟರ್ ಹಾಕ್ಕೊಂಡಾವ್ರು ನೀವೊಬ್ಬರ ನೋಡ್ರಿ!”

“ಆಫೀಸಿನಲ್ಲಿ ಏಸಿ ಇದೆ,” ಎಂದೆ.

“ನಾನು ದಿನ ಇಡೀ ದೋಸೆ ಕಾವಲಿ ಹತ್ತಿರ ನಿಲ್ಲುವವ, ಬಿಸಿ ಉಂಟು,” ಎಂದರು ಶೆಟ್ಟರು. “ನಿಮ್ಮದೇ ಶಾಸ್ತ್ರ ಅಲ್ವಾ ಸರ್? ನಾವು ಎಂತ ಹೇಳುವುದು!”

ಕೊನೆಯ ಅಸ್ತ್ರ ಬಿಟ್ಟೆ: “ಹಾಗೆ ಕೆಳಗೆ ಹೋದದ್ದು ಸುಮ್ಮನಿರುವುದಿಲ್ಲ ಶೆಟ್ಟರೇ. ಅದರಿಂದ ಆಳದಲ್ಲಿ ಬಂಡೆ ಕರಗಿ ಜ್ವಾಲಾಮುಖಿಯಾಗಿ ಮೇಲೆ ಬರುತ್ತದೆ!”

“ಬರ್ಲಿ ಬರ್ಲಿ. ಬಂದಾಗ ಜಾಗ ಕೊಡುವ.”

ಡಬ್ಬಿಗೆ ಡಬ್ಬಿಯೇ ನಕ್ಕಿತು. ನಾನೂ ನಕ್ಕೆ. ಯಾವ ಸಭೆಯಲ್ಲೂ ನನ್ನ ವಿಷಯ ಇಷ್ಟು ಬೇಗ ಯಾರ ತಲೆಗೂ ಹೋಗಿರಲಿಲ್ಲ. ಈಗ ಹೊಸಬರು ಯಾರು ಬಂದರೂ ಶೆಟ್ಟರು ಎರಡೂ ಅಂಗೈ ಒತ್ತಿ ಹಿಂದಿಯಲ್ಲಿ ಪಾಠ ಮಾಡುತ್ತಾರೆ, ಉದಾಹರಣೆಗೆ ನನ್ನನ್ನು ತೋರಿಸುತ್ತಾರೆ. ಪಾಠದಲ್ಲಿ ತಪ್ಪಿಲ್ಲ.

ಒಪ್ಪಂದದಂತೆ ಅಂಧೇರಿಯಲ್ಲಿ ಎದ್ದು, ಶೆಟ್ಟರು ಇಳಿಯುವ ಗ್ರಾಂಟ್ ರೋಡ್‌ವರೆಗೆ ನಾನು ನಿಂತು ಹೋಗುತ್ತೇನೆ.