ಮಾಲಕರು ಇವತ್ತು ಇಡ್ಲಿ ತಿನ್ನಲಿಲ್ಲ

ಎಲ್ಲದಕ್ಕೂ ಕಾರಣ ಅಂಗಿಯ ಒಂದು ಗುಂಡಿ. ಡೊಂಬಿವಲಿ ಪೂರ್ವದ ನವಚೇತನ ಹೋಟೆಲಿನ ಮಾಲಕ ಕಮಲಾಕ್ಷರು ಆ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ದೇವರಿಗೆ ಬಗ್ಗಿ ಕೈಮುಗಿದದ್ದೇ ತಡ, ಹೊಟ್ಟೆಯ ಮೇಲಿನ ಗುಂಡಿ ಪಟ್ಟೆಂದು ಹಾರಿ ದೇವರ ಗೂಡನ್ನು ದಾಟಿ, ಹೆಂಡತಿ ಸುಗುಣಾ ಆಗಷ್ಟೇ ಅರೆದಿಟ್ಟ ಚಟ್ನಿಯೊಳಗೆ ಬಿತ್ತು. ಆ ಊರಿನ ಫ್ಲ್ಯಾಟುಗಳಲ್ಲಿ ದೇವರೂ ಚಟ್ನಿಯೂ ಒಂದೇ ಕೋಣೆಯಲ್ಲಿ ಹೊಂದಿಕೊಂಡು ಹೋಗಬೇಕು.

ಸುಗುಣಾ ಚಮಚದಲ್ಲಿ ಗುಂಡಿಯನ್ನು ಎತ್ತಿ ಹಿಡಿದು, "ಇವತ್ತು ನಮ್ಮ ಚಟ್ನಿಗೆ ಬಿತ್ತು. ಸಂಜೆ ಆ ಕಮಿಟಿಯವರ ಚಟ್ನಿಗೆ ಬಿದ್ರೆ ಎಂತ ಮಾಡ್ತೀರಿ?" ಎಂದು ಕೇಳಿದರು.

ಕಮಿಟಿಯ ವಿಷಯ ಹುಡುಗಾಟದ್ದಲ್ಲ. ನವಚೇತನ ಇದ್ದ ಹಳೇ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿತ್ತು. ತಿಂಗಳ ಕೊನೆಗೆ ಕೆಡವುತ್ತಾರೆ. ಹೊಸ ಟವರ್ ಏಳುವುದಕ್ಕೆ ಬಿಲ್ಡರ್ ಹೇಳಿದ್ದು ಮೂರು ವರ್ಷ. ಬಿಲ್ಡರುಗಳ ಮೂರು ವರ್ಷ ಎಷ್ಟು ಉದ್ದ ಎಂಬುದು ಡೊಂಬಿವಲಿಯ ಮಕ್ಕಳಿಗೂ ಗೊತ್ತು. ಅಷ್ಟು ಕಾಲ ಕಮಲಾಕ್ಷರಾಗಲಿ, ಅವರನ್ನೇ ನಂಬಿಕೊಂಡ ಕೆಲಸಗಾರರಾಗಲಿ ಎಲ್ಲಿಗೆ ಹೋಗಬೇಕು? ಬೇಲಾಪುರದ ದೊಡ್ಡ ಆಫೀಸೊಂದರ ಕ್ಯಾಂಟೀನು ನಡೆಸಲು ಜನ ಬೇಕಾಗಿದ್ದಾರೆ ಎಂದು ತಿಳಿದು ಕಮಲಾಕ್ಷರು ಅರ್ಜಿ ಹಾಕಿದ್ದರು. ಆ ಆಫೀಸಿನ ಕಮಿಟಿ ಅವತ್ತು ಸಂಜೆ ಹೋಟೆಲಿಗೇ ಬಂದು ತಿಂಡಿ ತಿಂದು ನೋಡುವುದಿತ್ತು. ಕ್ಯಾಂಟೀನು ಸಿಕ್ಕಿದರೆ ಎಲ್ಲರ ಹೊಟ್ಟೆಗೆ ದಾರಿಯಾಗುತ್ತದೆ, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿಯಬೇಕು.

ಅಷ್ಟರಲ್ಲಿ ಮಗಳು ತನ್ವಿ ಫೋನಿನಲ್ಲಿ ಕ್ಯಾಲರಿ ಲೆಕ್ಕ ಹಾಕುವ ಆ್ಯಪ್ ತೆರೆದುಕೊಂಡು ಬಂದಳು. ಕಾಲೇಜಿನಲ್ಲಿ ಆಹಾರ ವಿಜ್ಞಾನ ಓದುತ್ತಿದ್ದ ಅವಳು ಮೂರು ತಿಂಗಳಿಂದ ಅಪ್ಪನ ಹೊಟ್ಟೆಯ ಮೇಲೆ ಕಣ್ಣಿಟ್ಟಿದ್ದಳು. ಅಪ್ಪ ಅಮ್ಮ ಕನ್ನಡದಲ್ಲಿ ಏನೇ ಕೇಳಲಿ, ಡೊಂಬಿವಲಿಯಲ್ಲೇ ಹುಟ್ಟಿದ ಹುಡುಗಿಯ ಉತ್ತರ ಹಿಂದಿಯಲ್ಲೇ.

"ಪಪ್ಪಾ, ಕಾಮ್ ಕ್ಯಾ ಲಿಖೂಂ? ಬೈಠನೇ ಕಾ, ಚಲನೇ ಕಾ, ಯಾ ಬೋಝಾ ಉಠಾನೇ ಕಾ?"

"ಕೂರುವ ಕೆಲಸ ಅಂತಲೇ ಬರಿ. ಗಲ್ಲಾಪೆಟ್ಟಿಗೆ ಎದುರು ಕೂತುಕೊಳ್ಳುದು," ಎಂದರು ಸುಗುಣಾ.

"ನಡುನಡುವೆ ಏಳ್ತೇನೆ ಮಾರಾಯ್ತಿ."

"ಎಂತಕ್ಕೆ ಏಳುದು? ಬೋಂಡಾ ಎಣ್ಣೆಯಿಂದ ಮೇಲೆ ಬಂತಾ ನೋಡ್ಲಿಕ್ಕೆ."

ಫೋನು ಕ್ಷಣದಲ್ಲಿ ತೀರ್ಪು ಕೊಟ್ಟಿತು. ಈ ವಯಸ್ಸಿನ, ಈ ಎತ್ತರದ, ಈ ತೂಕದ, ಕೂತೇ ಇರುವ ಗಂಡಸಿಗೆ ದಿನಕ್ಕೆ ಎರಡು ಸಾವಿರ ಕ್ಯಾಲರಿ ಧಾರಾಳವಾಯಿತು. ತೂಕ ಇಳಿಯಬೇಕಾದರೆ ಒಂದೂವರೆ ಸಾವಿರಕ್ಕೆ ನಿಲ್ಲಿಸಬೇಕು. ಕಮಲಾಕ್ಷರಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. "ನಾನು ತಿನ್ನುದೇ ದಿನಕ್ಕೆ ಎರಡು ಊಟ," ಎಂದರು.

"ಮತ್ತೆ ಹೋಟೆಲಿನಲ್ಲಿ?" ಎಂದರು ಸುಗುಣಾ.

"ಅದು ತಿನ್ನುದಲ್ಲ. ರುಚಿ ನೋಡುದು."

ರುಚಿ ನೋಡುವುದೆಂದರೇನು ಎಂದು ತಾಯಿ ಮಗಳು ಬಿಡಿಸಿ ಬಿಡಿಸಿ ಕೇಳಿದರು. ಬೆಳಿಗ್ಗೆ ಮೊದಲ ಇಡ್ಲಿ, ಒಂಟಿ ಇಡ್ಲಿ ತಿನ್ನಬಾರದೆಂದು ಇನ್ನೊಂದು. ಸಾಂಬಾರಿನ ಉಪ್ಪು ತಿಳಿಯಲು ಅದರಲ್ಲಿ ಮುಳುಗಿಸಿದ ಒಂದು ವಡೆ. ಕಾವಲಿ ಕಾದಿದೆಯೇ ಎಂದು ಒಂದು ಮಸಾಲೆ ದೋಸೆ. ಶೀರಾಕ್ಕೆ ತುಪ್ಪ ಸಾಕೇ ಎಂದು ಒಂದು ಬಟ್ಟಲು, ಸಾಲದು ಅನ್ನಿಸಿದರೆ ತುಪ್ಪ ಹಾಕಿಸಿ ಮತ್ತೊಂದು ಬಟ್ಟಲು. ಸಂಜೆ ಗೋಳಿಬಜೆ ಒಳಗೂ ಬೆಂದಿದೆಯೇ ಎಂದು ಐದಾರು. ರುಚಿ ನೋಡುವುದರಲ್ಲೇ ಲೆಕ್ಕ ಎರಡು ಸಾವಿರ ದಾಟಿತ್ತು, ಊಟ ಇನ್ನೂ ಶುರುವಾಗಿರಲಿಲ್ಲ.

"ನನ್ನ ಅಪ್ಪನೂ ಇದೇ ಗಾತ್ರ ಇದ್ರು. ಎಂಬತ್ತೆರಡು ವರ್ಷ ಬದುಕಿದ್ರು. ತೂಕ ಇಳಿಸಲೇಬೇಕು ಅಂತ ಎಲ್ಲಿ ಉಂಟು?" ಎಂದು ಕಮಲಾಕ್ಷರು ಕೊನೆಯ ವಾದ ಹೂಡಿದರು.

"ಮಾವ ಒರಳಿನಲ್ಲಿ ಕೈಯಾರೆ ಹಿಟ್ಟು ರುಬ್ಬುತ್ತಿದ್ರು. ನೀವು ರುಬ್ಬುದು ಸ್ವಿಚ್ ಒತ್ತಿ." ಇಷ್ಟು ಹೇಳಿ ಸುಗುಣಾ ಸ್ವರ ತಗ್ಗಿಸಿದರು. "ನಿನ್ನೆ ಮೂರು ಮಾಳಿಗೆ ಹತ್ತಿ ಬಂದು ಬಾಗಿಲ ಹೊರಗೆ ನಿಂತಿದ್ರಲ್ಲ, ಬೆಲ್ ಒತ್ಲಿಕ್ಕೂ ಉಸಿರಿರ್ಲಿಲ್ಲ ನಿಮಗೆ. ನಾನು ಒಳಗಿನಿಂದ ಆ ಏದುಸಿರು ಕೇಳ್ತಾ ಇದ್ದೆ. ಹೆದರಿಕೆ ಆಗ್ತದೆ ನನಗೆ."

ಆ ಏದುಸಿರು ಕಮಲಾಕ್ಷರನ್ನೂ ಹೆದರಿಸಿತ್ತು, ಯಾರಿಗೂ ಹೇಳಿರಲಿಲ್ಲ ಅಷ್ಟೆ. ಆಯಿತು ಎಂದರು. ಸೌತೆಕಾಯಿ, ಮೊಳಕೆ ಬರಿಸಿದ ಹೆಸರುಕಾಳು, ತುಪ್ಪದ ಮುಖ ಕಾಣದ ಎರಡು ಚಪಾತಿ ತುಂಬಿದ ಸ್ಟೀಲ್ ಡಬ್ಬಿಯನ್ನು ಹಿಡಿದುಕೊಂಡು, ಬೇರೆ ಅಂಗಿ ತೊಟ್ಟು ಹೋಟೆಲಿಗೆ ಹೊರಟರು.

ನವಚೇತನದಲ್ಲಿ ತಂದೆಯ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ದೀಪ ಹಚ್ಚಿದ ಮೇಲೆ ಮೊದಲ ಪ್ಲೇಟ್ ಇಡ್ಲಿ ಮಾಲಕರಿಗೆ. ಅದನ್ನು ಅವರು ಒಳಗೆ ಕೂತು ತಿನ್ನುವಂತಿಲ್ಲ, ಬಾಗಿಲ ಪಕ್ಕದ ಮೇಜಿನಲ್ಲಿ ಎಲ್ಲರಿಗೂ ಕಾಣುವಂತೆ ತಿನ್ನಬೇಕು. ಲೋಕಲ್ ರೈಲು ಹಿಡಿಯುವ ಅವಸರದಲ್ಲಿದ್ದ ಗಿರಾಕಿಗಳು ಕೂಡ ಮಾಲಕರ ಮೊದಲ ತುತ್ತು ಇಳಿಯುವುದನ್ನು ನೋಡಿಯೇ ಆರ್ಡರ್ ಕೊಡುತ್ತಿದ್ದರು. ಮನೆಯ ಗಲಾಟೆಯಲ್ಲಿ ಈ ಪದ್ಧತಿ ಕಮಲಾಕ್ಷರ ತಲೆಗೇ ಹೊಳೆದಿರಲಿಲ್ಲ.

ದೋಸೆ ಕಾವಲಿಯ ಚಂದ್ರಾಮ ಇಡ್ಲಿ ತಂದಿಟ್ಟ. ಕಲಬುರಗಿ ಕಡೆಯವನಾದ ಅವನಿಗೆ ಮೆಲ್ಲಗೆ ಮಾತಾಡುವುದು ಹುಟ್ಟಿನಿಂದಲೇ ಗೊತ್ತಿರಲಿಲ್ಲ. ಕಮಲಾಕ್ಷರು ಪ್ಲೇಟನ್ನು ಹಿಂದಕ್ಕೆ ಸರಿಸಿದರು.

"ಯಾಕ್ರೀ ಮಾಲಕರ? ಹಿಟ್ಟ ಏನರ ಕೆಟ್ಟದೇನ್ರೀ?" ಎಂದು ಚಂದ್ರಾಮ ರಸ್ತೆಯ ಆಚೆಗೂ ಕೇಳುವಂತೆ ಕೂಗಿದ.

ಹೋಟೆಲಿನ ಮುಖಗಳೆಲ್ಲ ಈಚೆ ತಿರುಗಿದವು. ಅರ್ಧ ಚಹಾ ತರಿಸಿ ಎರಡು ಗಂಟೆ ಕೂರುವ ವಿಮಾ ಏಜೆಂಟ್, ಸಂದೇಶ ಎಂಬವನು, ಪೇಪರು ಮಡಚಿಟ್ಟು ಹತ್ತಿರ ಬಂದು ಏನಾಯಿತೆಂದು ಮರಾಠಿಯಲ್ಲಿ ಕೇಳಿದ. "ಕಾಯ್ ಝಾಲಾ ಶೇಟ್? ಆಜ್ ಇಡ್ಲಿ ನಾಹಿ?"

ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಉಡುಪಿಯವನೊಬ್ಬ, ಹೋಟೆಲಿನವನು, ಗಲ್ಲಾಪೆಟ್ಟಿಗೆಯ ಮೇಲೆ ತೂಗಿದ ಅಪ್ಪನ ಫೋಟೋದ ಎದುರಿಗೇ ನಾನು ತಿನ್ನುವುದು ಕಡಿಮೆ ಮಾಡಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಕಮಲಾಕ್ಷರಿಗೆ ನಾಚಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿದರು: "ಪೋಟ್ ಬರೋಬರ್ ನಾಹಿ."

ಮಾಲಕರ ಹೊಟ್ಟೆ ಸರಿಯಿಲ್ಲ! ಯಾರೋ ಚಮಚ ಕೆಳಗಿಟ್ಟರು. ಇನ್ಯಾರೋ ಬಾಯಲ್ಲಿದ್ದ ವಡೆಯನ್ನು ಅಗಿಯುವುದು ನಿಲ್ಲಿಸಿ ಯೋಚನೆಗೆ ಬಿದ್ದರು. ಇದು ಸಾಲದೆಂಬಂತೆ, ಸ್ವಲ್ಪ ಹೊತ್ತಿನ ಮೇಲೆ ಹಸಿವು ತಡೆಯಲಾರದೆ ಕಮಲಾಕ್ಷರು ಗಲ್ಲಾಪೆಟ್ಟಿಗೆಯ ಮರೆಯಲ್ಲಿ ಡಬ್ಬಿ ಬಿಚ್ಚಿದಾಗ, ಸಂದೇಶನ ಫೋನು ಸದ್ದಿಲ್ಲದೆ ಫೋಟೋ ಹೊಡೆಯಿತು. ದಿನವೂ ಲೋಕಲಿನಲ್ಲಿ ಜೊತೆಗೆ ಹೋಗುವವರ ವಾಟ್ಸಾಪ್ ಗುಂಪಿನಲ್ಲಿ ಅವನು ಬರೆದ: ನವಚೇತನದ ಶೇಟ್ ಹೊಟ್ಟೆ ಕೆಟ್ಟು ಮನೆಯ ಡಬ್ಬಿ ತಿನ್ನುತ್ತಿದ್ದಾರೆ, ನಾನೇನೂ ಹೇಳುವುದಿಲ್ಲ, ನೀವೇ ಯೋಚಿಸಿ. ಹಾಗೆಂದರೆ ಜನ ಯೋಚಿಸದೆ ಬಿಡುತ್ತಾರೆಯೇ? ಫೋಟೋ ಒಂದೊಂದೇ ಸ್ಟೇಷನ್ನು ಹಾದು, ಠಾಕುರ್ಲಿ ದಾಟಿ, ಕಲ್ಯಾಣ ದಾಟಿ, ವಿಠ್ಠಲವಾಡಿ ಮುಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಜನ ಬಾಗಿಲವರೆಗೆ ಬರುತ್ತಿದ್ದರು, ಕಮಲಾಕ್ಷರ ಮುಖವನ್ನು ರೋಗಿಯ ಮುಖ ನೋಡುವಂತೆ ನೋಡುತ್ತಿದ್ದರು, ಹಾಗೇ ಎದುರು ಸಾಲಿನ ದೇಜಪ್ಪನ ಹೋಟೆಲಿಗೆ ನುಗ್ಗುತ್ತಿದ್ದರು. ದೇಜಪ್ಪ ಫೋನು ಮಾಡಿ ವಿಚಾರಿಸಿಕೊಂಡ. ಬೇಲಾಪುರದ ಕ್ಯಾಂಟೀನಿಗೆ ಅವನದ್ದೂ ಅರ್ಜಿ ಇತ್ತು.

"ಕಮಲಾಕ್ಷಣ್ಣ, ಹೇಗುಂಟು ಈಗ? ಸ್ವಲ್ಪ ಗಂಜಿ ಕಳಿಸ್ಲಾ?"

"ಬೇಡ ಮಾರಾಯಾ, ನಂಗೆಂತದೂ ಆಗ್ಲಿಲ್ಲ."

"ಅಲ್ಲ, ಸಂಜೆ ಕಮಿಟಿ ಉಂಟಲ್ವಾ ನಿಮ್ಮಲ್ಲಿ, ಅದಕ್ಕೆ ಹೇಳಿದ್ದು. ನಿನ್ನೆ ನಮ್ಮಲ್ಲಿಗೆ ಬಂದಿದ್ರು. ಆ ಮೇಡಂ ನನ್ನನ್ನೂ ಜೊತೆಗೆ ಕೂರಿಸಿದ್ರು. ನಾನು ಚೆಂದ ಮಾಡಿ ತಿಂದೆ, ನೋಡಿ. ಮಾಲಕನೇ ಮುಟ್ಟದಿದ್ರೆ ಬೇರೆಯವರು ಹೇಗೆ ತಿಂತಾರೆ, ಅಲ್ವಾ?"

ಕಮಲಾಕ್ಷರು ಫೋನು ಇಟ್ಟು ತಿರುಗಿ ನೋಡಿದರು. ಒಳಗೆ ಕಾವಲಿಯ ಹತ್ತಿರ ಚಂದ್ರಾಮ ಕೆಲಸವಿಲ್ಲದೆ ಸಟ್ಟುಗ ಹಿಡಿದು ಕೂತಿದ್ದ. ಊರಲ್ಲಿ ಅವನಿಗೆ ಹೆಂಡತಿ, ಮೂರು ಮಕ್ಕಳು. ಕಮಲಾಕ್ಷರು ಹೆಂಡತಿಯನ್ನು ನೆನೆದು ಮನಸ್ಸಿನಲ್ಲೇ ಕ್ಷಮೆ ಕೇಳಿದರು. ಡಬ್ಬಿಯನ್ನು ಮುಚ್ಚಿ ಬಾಗಿಲ ಪಕ್ಕದ ಮೇಜಿಗೆ ಬಂದು ಕೂತರು.

"ಚಂದ್ರಾಮಾ, ಇಡ್ಲಿ ತಾ. ವಡೆಯೂ ಬರ್ಲಿ."

"ಮಾಲಕರು ತಿನ್ನಾಕತ್ಯಾರೋ!" ಎಂದು ಚಂದ್ರಾಮ ಸಾರಿದ.

ಕಮಲಾಕ್ಷರು ತಿಂದರು. ಬೀದಿಗೆ ಮುಖ ಮಾಡಿ, ತುತ್ತು ತುತ್ತನ್ನೂ ಎತ್ತಿ ತೋರಿಸಿ ತಿಂದರು. ನಾಲ್ಕೈದು ಜನ ಧೈರ್ಯ ಮಾಡಿ ಒಳಗೆ ಬಂದರು. ಆದರೆ ಒಂದು ತೊಡಕಿತ್ತು. ಸ್ಟೇಷನ್ನಿನಿಂದ ಒಂದೊಂದು ಲೋಕಲಿಗೂ ಹೊಸ ಹಿಂಡು ಇಳಿದು ಬರುತ್ತಿತ್ತು. ಹಿಂದಿನ ಹಿಂಡು ಕಂಡ ಇಡ್ಲಿಯನ್ನು ಈ ಹಿಂಡು ಕಂಡಿಲ್ಲ, ಇವರು ಕಂಡದ್ದು ಫೋಟೋ ಮಾತ್ರ. ಹಾಗಾಗಿ ಪ್ರತಿ ಹಿಂಡಿಗೂ ಮೊದಲಿಂದ ಶುರು ಮಾಡಬೇಕಾಯಿತು. ಒಂದಕ್ಕೆ ಮಸಾಲೆ ದೋಸೆ, ಇನ್ನೊಂದಕ್ಕೆ ಉತ್ತಪ್ಪ, ಮತ್ತೊಂದಕ್ಕೆ ಬಿಸಿ ಶೀರಾ. ಸಂದೇಶನಂತೂ ಎದುರಿನ ಕುರ್ಚಿಯಲ್ಲೇ ಕೂತು, "ಸಾಂಬಾರ್ ಪಣ್ ಪ್ಯಾ ಶೇಟ್" ಎಂದು ಸಾಂಬಾರನ್ನೂ ಕುಡಿಸಿ, ಹೊಸ ಫೋಟೋ ಹಾಕಿದ. ಹಳೆಯದನ್ನು ತೆಗೆಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹೋಟೆಲು ಮತ್ತೆ ತುಂಬಿತ್ತು, ಕಮಲಾಕ್ಷರೂ ತುಂಬಿದ್ದರು. ಕೂತಲ್ಲಿಂದ ಏಳಲು ಮೇಜನ್ನು ಹಿಡಿಯಬೇಕಿತ್ತು. ಆಗಲೇ ಬಾಗಿಲಲ್ಲಿ ಕಾರು ನಿಂತಿತು. ಕಮಿಟಿಯ ಮುಖ್ಯಸ್ಥೆ ಪ್ರಿಯಂವದಾ ಮೇಡಂ ಮತ್ತು ಜೊತೆಗಿಬ್ಬರು ಇಳಿದರು. ಮೇಡಂ ಧಾರವಾಡದವರು ಎಂದು ತಿಳಿದು ಕಮಲಾಕ್ಷರಿಗೆ ಅರೆಕ್ಷಣ ಸಮಾಧಾನವೆನಿಸಿತು.

ಚಂದ್ರಾಮ ಘಮಘಮಿಸುವ ದೋಸೆಗಳನ್ನು ತಂದಿಟ್ಟ. ಮೇಡಂ ನಕ್ಕು ಕುರ್ಚಿ ತೋರಿಸಿದರು. "ಕಮಲಾಕ್ಷ ಅವರ, ನೀವೂ ಕೂಡ್ರಿ. ನಮ್ಮ ಜೋಡಿ ನೀವೂ ತಿನ್ನಬೇಕು."

ಕಮಲಾಕ್ಷರು ದೋಸೆಯ ಚೂರನ್ನು ಮುರಿದು ಬಾಯಿಯವರೆಗೆ ಒಯ್ದರು. ಒಳಗೆ ಬೆಳಗಿನ ಲೋಕಲಿನಂತೆ ಒಂದು ಕಾಲಿಡುವುದಕ್ಕೂ ಜಾಗವಿರಲಿಲ್ಲ. ಚೂರನ್ನು ಹಾಗೇ ಪ್ಲೇಟಿಗೆ ಇಟ್ಟುಬಿಟ್ಟರು.

"ಒಂದ್ ತುತ್ತರ ತಿನ್ರೀ ಮಾಲಕರ," ಎಂದು ಚಂದ್ರಾಮ ಅಳುವ ದನಿಯಲ್ಲಿ ಬೇಡಿದ.

"ಆಗುದಿಲ್ಲ," ಎಂದರು ಕಮಲಾಕ್ಷರು.

ಕಮಿಟಿಯವರು ಮುಖ ಮುಖ ನೋಡಿಕೊಂಡರು. ತಿಂದು ಮುಗಿಸಿ ಕೈತೊಳೆದು ಬಂದರು. ಮೇಡಂ ಫೋನು ತೆಗೆದು ತೋರಿಸಿದರು. ಡಬ್ಬಿಯ ಫೋಟೋ ಬೇಲಾಪುರಕ್ಕೂ ಹೋಗಿತ್ತು.

"ಇದು ನಮಗೂ ಬಂದದ," ಎಂದರು ಮೇಡಂ.

ಎಲ್ಲ ಮುಗಿಯಿತು ಎಂದುಕೊಂಡು ಕಮಲಾಕ್ಷರು ಕೈಮುಗಿದರು. ಕಣ್ಣಲ್ಲಿ ನೀರು ಬಂದಿತ್ತು. "ಮೇಡಂ, ನಮ್ಮ ಅಡುಗೆಯಲ್ಲಿ ದೋಷ ಇಲ್ಲ. ದೇವರಾಣೆ ಇಲ್ಲ. ನಾನು ತಿನ್ನದ್ದಕ್ಕೆ ಈ ಹುಡುಗರ ಹೊಟ್ಟೆಗೆ ಹೊಡೀಬೇಡಿ."

"ಅಯ್ಯ, ಅಳಬ್ಯಾಡ್ರಿ! ಕ್ಯಾಂಟೀನು ನಿಮಗs ಕೊಟ್ಟೇವಿ."

ಕಮಲಾಕ್ಷರಿಗೆ ಏನೊಂದೂ ತಿಳಿಯಲಿಲ್ಲ. ಮೇಡಂ ಬಿಡಿಸಿ ಹೇಳಿದರು. "ಈ ಮೊದಲ ನಮ್ಮ ಕ್ಯಾಂಟೀನು ನಡಸ್ತಿದ್ದಾಂವ ಉಪ್ಪು ನೋಡ್ತೀನಿ, ಖಾರ ನೋಡ್ತೀನಿ ಅಂತ ಮಧ್ಯಾಹ್ನದೊಳಗ ಅರ್ಧಾ ಕ್ಯಾಂಟೀನು ತಿಂದು ಮುಗಸ್ತಿದ್ದ. ನಮ್ಮ ಮಂದಿ ಊಟಕ್ಕ ಬರೂದ್ರಾಗ ಪಾತ್ರಿ ತಳಾ ಕಾಣತಿತ್ತು. ಅದಕ್ಕ ಈ ಸಲ ಎಲ್ಲಾ ಹೋಟೆಲಿನ್ಯಾಗೂ ಮಾಲಕರನ್ನ ಜೋಡಿ ಕೂಡಿಸಿಕೊಂಡು ನೋಡಿದ್ವಿ. ಎಲ್ಲಾರೂ ನಮಗಿಂತ ಮೊದಲ ಕೈ ಹಾಕಿದ್ರು. ಆ ದೇಜಪ್ಪ ಅವರಂತೂ ನನ್ನ ಪ್ಲೇಟಿನ್ಯಾಗಿನ ವಡಾನೂ ಬಿಡಲಿಲ್ಲ. ಇಷ್ಟು ಛಲೋ ದೋಸಿ ಎದುರಿಗೆ ಇದ್ರೂ ಮುಟ್ಟದವರು ನೀವೊಬ್ಬರs. ಹಸಿವಾದ್ರೂ ಮನಿ ಡಬ್ಬಿನs ಬಿಚ್ಚತೀರಿ ಅಂತ ಆ ಫೋಟೋನೂ ಹೇಳ್ತದ."

ಚಂದ್ರಾಮ ಹೋ ಎಂದು ಕೂಗಿದ. ಒಳಗಿನಿಂದ ಉಳಿದ ಕೆಲಸಗಾರರೂ ಓಡಿಬಂದು ಮಾಲಕರ ಕಾಲಿಗೆ ಬಿದ್ದರು.

"ಒಂದs ಷರತ್ತು," ಎಂದು ಮೇಡಂ ಕಾಗದ ಮುಂದಿಟ್ಟರು. "ಕ್ಯಾಂಟೀನಿನ್ಯಾಗ ಇದ್ದಷ್ಟು ಹೊತ್ತು ಗುತ್ತಿಗೆದಾರರು ಏನೂ ಬಾಯಿಗೆ ಹಾಕೂ ಹಂಗಿಲ್ಲ. ಚಹಾನೂ ಇಲ್ಲ. ಮೂರು ವರ್ಷ. ನಿಮಗೇನು ಕಷ್ಟ ಆಗೂದಿಲ್ಲ ಬಿಡ್ರಿ."

"ಮನೆಯಿಂದ ಡಬ್ಬಿ ತಂದ್ರೆ?" ಎಂದು ಕಮಲಾಕ್ಷರು ಸಣ್ಣ ದನಿಯಲ್ಲಿ ಕೇಳಿದರು.

"ಹೊರಗಿನ ಊಟ ಗೇಟಿನೊಳಗ ಬಿಡೂದಿಲ್ಲರಿ. ಸಿಕ್ಯೂರಿಟಿಯವರು ಭಾಳ ಕಟ್ಟುನಿಟ್ಟು."

ಬೆಳಿಗ್ಗೆ ಕತ್ತಲಿರುವಾಗಲೇ ಬೇಲಾಪುರ ಮುಟ್ಟಬೇಕು, ಮರಳುವುದು ದೀಪ ಹಚ್ಚಿದ ಮೇಲೆ. ಅಷ್ಟು ಹೊತ್ತೂ ಸುತ್ತ ಇಡ್ಲಿ ಬೇಯುತ್ತಿರುತ್ತದೆ, ವಡೆ ಕರಿಯುತ್ತಿರುತ್ತದೆ, ಶೀರಾಕ್ಕೆ ತುಪ್ಪ ಬೀಳುತ್ತಿರುತ್ತದೆ. ಚಂದ್ರಾಮನೂ ಹುಡುಗರೂ ತಮ್ಮನ್ನೇ ನೋಡುತ್ತ ನಿಂತದ್ದು ಕಮಲಾಕ್ಷರಿಗೆ ಕಂಡಿತು. ಪೆನ್ನು ತೆಗೆದುಕೊಂಡು ಮೇಡಂ ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಪೆನ್ನನ್ನು ಕೆಳಗಿಟ್ಟ ಕೂಡಲೇ, ಆ ದಿನ ಅಷ್ಟೆಲ್ಲ ತುರುಕಿದ ಮೇಲೂ, ಅವರಿಗೆ ಹಿಂದೆಂದೂ ಆಗದಷ್ಟು ಹಸಿವಾಯಿತು.