ಹಡಗಿನ ಮೇಲೆ ಸಂಡಿಗೆ

ಸಂಡಿಗೆ ವಿಷಯದಲ್ಲಿ ನನಗೆ ಮೂವತ್ತು ವರ್ಷಗಳ ಅನುಭವವಿದೆ. ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಮನೆಯ ತಾರಸಿಯಲ್ಲಿ ಪ್ರತಿ ಬೇಸಿಗೆಯೂ ನನ್ನ ಹೆಂಡತಿ ಶಾರದಾ ಹಿಟ್ಟು ಕಾಯಿಸುತ್ತಾಳೆ, ಹದ ನೋಡುತ್ತಾಳೆ, ಹಳೇ ಸೀರೆಯ ಮೇಲೆ ಸಾಲಾಗಿ ಸಂಡಿಗೆ ಇಡುತ್ತಾಳೆ. ಉಳಿದ ಸಮಸ್ತ ಜವಾಬ್ದಾರಿಯೂ ನನ್ನದೇ. ಅಂದರೆ, ಕೊಡೆ ಹಿಡಿದು ಕೂತು ಕಾಗೆ ಓಡಿಸುವುದು.

ಈ ಅನುಭವದೊಂದಿಗೇ ನಾನು ಆಸ್ಪತ್ರೆ ಹಡಗು ಹತ್ತಿದೆ. ದೂರದ ಬಂದರುಗಳಿಗೆ ಹೋಗಿ ಬಡವರಿಗೆ ಉಚಿತವಾಗಿ ಆಪರೇಷನ್ ಮಾಡುವ ಹಡಗು ಅದು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತನಾದ ನಾನು, ಮೂರು ತಿಂಗಳು ಸ್ವಯಂಸೇವಕನಾಗಿ ಅಲ್ಲಿನ ಬಲ್ಬು, ಫ್ಯಾನು ನೋಡಿಕೊಳ್ಳಲು ಒಪ್ಪಿದ್ದೆ. ಹೊರಡುವ ಮುನ್ನ ಪಾರ್ಕಿನ ವಾಕಿಂಗ್ ಗೆಳೆಯರು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸಿದರು. ಮೂವರು ಭಾಷಣ ಮಾಡಿದರು. ಒಬ್ಬರಂತೂ ಕಣ್ಣೀರೇ ಹಾಕಿದರು!

ಶಾರದಾ ಮಾತ್ರ, "ಮೂರು ತಿಂಗಳಾ? ಮೂರು ವಾರ ಇರಿ ನೋಡೋಣ. ಏನಾದ್ರೂ ಎಡವಟ್ಟು ಮಾಡ್ಕೊಂಡು ವಾಪಸ್ ಬರ್ತೀರ" ಅಂದಿದ್ದಳು.

ಎರಡೇ ವಾರದಲ್ಲಿ ಎರಡು ಎಚ್ಚರಿಕೆ ಬಂದವು. ಮೊದಲನೆಯದು, ಲೈಫ್ ಬೋಟಿನ ಹಗ್ಗಕ್ಕೆ ಪಂಚೆ ಒಣಹಾಕಿದ್ದಕ್ಕೆ. ಎರಡನೆಯದು, ಕ್ಯಾಬಿನ್ನಿನಲ್ಲಿ ಊದುಬತ್ತಿ ಹಚ್ಚಿ ಇಡೀ ಹಡಗಿನ ಬೆಂಕಿ ಗಂಟೆ ಹೊಡೆಸಿದ್ದಕ್ಕೆ. ಮೂರನೆಯದಾದರೆ ವಿಮಾನ ಹತ್ತಿಸಿ ಮನೆಗೆ ಕಳಿಸುವುದಾಗಿ ಕ್ಯಾಪ್ಟನ್ ಹೇಳಿದ್ದರು. ಸನ್ಮಾನ ಮಾಡಿಸಿಕೊಂಡವನು ಮೂರನೇ ವಾರಕ್ಕೇ ಪಾರ್ಕಿನಲ್ಲಿ ಮುಖ ತೋರಿಸುವುದು ಹೇಗೆ? ಶಾಲು, ಪೇಟ ವಾಪಸ್ ಕೊಟ್ಟೇನು. ಹಣ್ಣು ತಿಂದಾಗಿತ್ತು!

ಇಂಥ ಹೊತ್ತಿನಲ್ಲಿ ನನಗೆ ಒಂದು ದಿನ ರಜೆ ಸಿಕ್ಕಿತು. ಹಡಗು ಆಗ ಆಫ್ರಿಕಾದ ಒಂದು ಬಂದರಿನಲ್ಲಿತ್ತು. ಉಳಿದವರು ಊರು ನೋಡಲು ಇಳಿದು ಹೋದರು. ನಾನು ಮೇಲಿನ ಡೆಕ್‌ಗೆ, ಅಂದರೆ ಹಡಗಿನ ತಾರಸಿಗೆ, ಹೋದೆ. ಅಬ್ಬಾ, ಏನು ಬಿಸಿಲು! ಚಪ್ಪಲಿ ಹಾಕಿದ್ದರೂ ಕಾಲು ಚುರುಗುಟ್ಟುತ್ತಿತ್ತು. ಅಷ್ಟಗಲ ಜಾಗದಲ್ಲಿ ಒಂದು ಹಪ್ಪಳವಿಲ್ಲ, ಒಂದು ಮೆಣಸಿನಕಾಯಿ ಇಲ್ಲ. ಇಂಥ ಬಿಸಿಲು ದಂಡವಾಗುತ್ತಿದೆಯಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ಅಡುಗೆಮನೆಯವರನ್ನು ಕೇಳಿ ಅಕ್ಕಿಹಿಟ್ಟು, ಜೀರಿಗೆ, ಹಸಿಮೆಣಸಿನಕಾಯಿ ಪಡೆದು ಹಿಟ್ಟು ಕಾಯಿಸಿದೆ. ಗಂಟಾಯಿತು. ನೀರು ಹಾಕಿದೆ. ಅಂಬಲಿಯಾಯಿತು. ಮತ್ತೆ ಹಿಟ್ಟು ಹಾಕಿದೆ. ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಾಗದೆ ಎರಡು ಸಲ ಹಾಕಿದೆ. ಹಳೇ ಸೀರೆ ಎಲ್ಲಿಂದ ತರುವುದು? ಲಾಂಡ್ರಿಯಿಂದ ರೋಗಿಗಳ ಎರಡು ಬಿಳಿ ಬೆಡ್‌ಶೀಟ್ ತಂದು ಡೆಕ್ಕಿನ ಮೇಲೆ ಹಾಸಿ, ಚಮಚದಲ್ಲಿ ಸಂಡಿಗೆ ಇಟ್ಟು, ಹೆಮ್ಮೆಯಿಂದ ಶಾರದಾಗೆ ವಿಡಿಯೋ ಕಾಲ್ ಮಾಡಿದೆ.

"ಅಯ್ಯೋ, ಯಾರ್ರೀ ಹಾಸಿಗೆ ಮೇಲೆ ವಾಂತಿ ಮಾಡ್ಕೊಂಡಿರೋದು?"

"ಸಂಡಿಗೆ ಕಣೇ!"

"ಇದಾ? ಹೋಗ್ಲಿ, ಕಾಗೆ ಕಾಯೋರು ಯಾರು?"

"ಸಮುದ್ರದಲ್ಲಿ ಎಲ್ಲಿಂದ ಬರುತ್ತೆ ಕಾಗೆ?" ಎಂದು ನಕ್ಕು, ಕೆಳಗೆ ಹೋಗಿ ಮಲಗಿಬಿಟ್ಟೆ.

ನಾಲ್ಕು ಗಂಟೆಗೆ ಮೇಲಿನ ಗದ್ದಲ ಕೇಳಿ ಎಚ್ಚರವಾಯಿತು. ಓಡಿಹೋಗಿ ನೋಡುತ್ತೇನೆ, ಕಾಗೆಗಿಂತ ಎರಡು ಪಟ್ಟು ದೊಡ್ಡದಾದ ಬಿಳಿ ಕಡಲಹಕ್ಕಿಗಳು! ಐವತ್ತಾದರೂ ಇದ್ದವು. ಒಂದೊಂದೂ ಸಂಡಿಗೆ ಕಿತ್ತುಕೊಂಡು ಹಾರುತ್ತಿತ್ತು, ನಾಲಿಗೆಗೆ ತಾಕಿದ ಕೂಡಲೇ ಅರಚಿ ಎಲ್ಲೆಂದರಲ್ಲಿ ಉಗುಳುತ್ತಿತ್ತು. ಸೋಂಕು ಹರಡದಂತೆ ನೋಡಿಕೊಳ್ಳುವ ಹಿರಿಯ ನರ್ಸ್ ಹೆಲ್ಗಾ ಮಾಸ್ಕು, ಗ್ಲೌಸು ಹಾಕಿಕೊಂಡು ಡೆಕ್ ಸುತ್ತ ಹಳದಿ ಟೇಪು ಕಟ್ಟಿಸುತ್ತಿದ್ದರು. ರೋಗಿಗಳ ಬೆಡ್‌ಶೀಟು, ಮೇಲೆ ಬಿಳಿ ಮುದ್ದೆ, ಮುದ್ದೆಯಲ್ಲಿ ಹಸಿರು ಚುಕ್ಕೆ. ಯಾವ ಭಯಂಕರ ಕಾಯಿಲೆಯೋ ಎಂದು ಒಂದು ಸಂಡಿಗೆಯನ್ನು ಲ್ಯಾಬಿಗೂ ಕಳಿಸಿಯಾಗಿತ್ತು.

ನಾನು ಬಾಯಿ ಬಿಡಲಿಲ್ಲ. "ಇದನ್ನು ಹಿಡಿದುಕೊಳ್ಳಿ" ಎಂದು ಹೆಲ್ಗಾ ಟೇಪಿನ ಒಂದು ತುದಿ ಕೊಟ್ಟಾಗ ವಿಧೇಯನಾಗಿ ಹಿಡಿದುಕೊಂಡೆ.

ಅಷ್ಟರಲ್ಲಿ ಕ್ಯಾಪ್ಟನ್ ಬಂದರು. ಅವರ ಬಿಳಿ ಅಂಗಿಯ ಭುಜದ ಮೇಲೆ ಪಚಕ್ ಎಂದು ಒಂದು ಸಂಡಿಗೆ ಬಿತ್ತು. "ಇಂದು ರೋಗಿಗಳು ಯಾರೂ ಡೆಕ್ಕಿಗೆ ಬರುವಂತಿಲ್ಲ" ಎಂದು ಅವರು ಗಂಭೀರವಾಗಿ ಘೋಷಿಸಿದರು.

ಆಪರೇಷನ್ ಆದವರು ದಿನವಿಡೀ ಕೆಳಗಿನ ವಾರ್ಡಿನಲ್ಲಿರುತ್ತಾರೆ. ಸಂಜೆ ಒಂದು ಗಂಟೆ ಮಾತ್ರ ಅವರಿಗೆ ಡೆಕ್ಕಿನ ಗಾಳಿ, ಬೆಳಕು. ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಅಜ್ಜಿ, ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡು ಆಗಲೇ ಬಾಗಿಲ ಬಳಿ ನಿಂತಿದ್ದಳು. ವಿಷಯ ತಿಳಿದು ಸುಮ್ಮನೆ ಮೆಟ್ಟಿಲ ಮೇಲೆ ಕೂತಳು. ನನಗೆ ನಾಚಿಕೆಯಾಯಿತು. ಶಾಲು, ಪೇಟ, ಪಾರ್ಕು ಎಲ್ಲ ಹಾಳಾಗಿ ಹೋಗಲಿ ಅನ್ನಿಸಿತು.

"ಅದು ಕಾಯಿಲೆ ಅಲ್ಲ ಸಾರ್, ತಿಂಡಿ. ಮಾಡಿದ್ದು ನಾನೇ" ಎಂದೆ.

ಯಾರೂ ನಂಬಲಿಲ್ಲ. ಸಾಕ್ಷಿಗಾಗಿ ಟೇಪಿನಡಿ ನುಸುಳಿ, ಒಂದು ಸಂಡಿಗೆ ಎತ್ತಿ ಬಾಯಿಗೆ ಹಾಕಿಕೊಂಡೆ. ಹೆಲ್ಗಾ ಕಿಟಾರನೆ ಕಿರುಚಿದರು. ಮರುಕ್ಷಣವೇ ನನ್ನನ್ನು ಪ್ರತ್ಯೇಕ ಕೋಣೆಗೆ ಹಾಕಿ ಬೀಗ ಜಡಿದರು!

ಅರ್ಧ ಗಂಟೆಯಲ್ಲಿ ಲ್ಯಾಬ್ ರಿಪೋರ್ಟ್ ಬಂತು. ಅಕ್ಕಿ, ಜೀರಿಗೆ, ಮೆಣಸಿನಕಾಯಿ. ರೋಗಾಣು ಇಲ್ಲ. ಉಪ್ಪು ವಿಪರೀತ.

ನನ್ನನ್ನು ಹೊರಗೆ ಬಿಟ್ಟರು. ಡೆಕ್ ತೊಳೆದು ಅದರ ಬಾಗಿಲನ್ನೂ ತೆರೆದರು. ಅಜ್ಜಿ ಎಲ್ಲರಿಗಿಂತ ಮೊದಲು ಬಂದು ಬೆಂಚಿನ ಮೇಲೆ ಕೂತಳು. ಆದರೆ ಅಷ್ಟು ಉಗುಳಿದರೂ ಆಸೆ ಬಿಡದ ಹಕ್ಕಿಗಳು ಹೋಗಲೇ ಇಲ್ಲ. ರೋಗಿಗಳ ತಲೆಯ ಮೇಲೇ ಸುತ್ತು ಹೊಡೆಯತೊಡಗಿದವು. ಕ್ಯಾಪ್ಟನ್ ನನ್ನನ್ನು ಕರೆಸಿದರು. ವಿಮಾನದ ಟಿಕೆಟ್ಟೇ ಬಂತು ಅಂದುಕೊಂಡೆ.

"ನಿಮ್ಮ ಊರಿನಲ್ಲಿ ಇವನ್ನು ಹೇಗೆ ಓಡಿಸುತ್ತೀರಿ?" ಎಂದು ಕೇಳಿದರು.

ಹೇಳಿದೆ. ಒಂದು ಕೊಡೆ ತರಿಸಿಕೊಟ್ಟರು. ಬಾಕಿ ಇರುವಷ್ಟು ದಿನವೂ ಸಂಜೆ ಒಂದು ಗಂಟೆ ಇದೇ ನನ್ನ ಡ್ಯೂಟಿ ಎಂದು ಆಜ್ಞೆಯಾಯಿತು.

ಮಾರನೆಯ ಸಂಜೆ ಶಾರದಾ ಕಾಲ್ ಮಾಡಿ, "ಎಲ್ಲಿದೀರ? ಏರ್‌ಪೋರ್ಟಲ್ಲಾ?" ಎಂದಳು. ನಾನು ಕ್ಯಾಮೆರಾ ತಿರುಗಿಸಿದೆ. ಡೆಕ್ಕು, ಬಿಸಿಲು, ನನ್ನ ಕೈಯ ಕೊಡೆ, ಬೆಂಚಿನ ಮೇಲೆ ನನ್ನನ್ನೇ ನೋಡಿ ಬ್ಯಾಂಡೇಜಿನೊಳಗೇ ನಗುತ್ತಿದ್ದ ಅಜ್ಜಿ.

"ರೀ, ಎಡಗಡೆ ನೋಡಿ, ಅಲ್ಲೊಂದು ಕೂತಿದೆ" ಅಂದಳು ಶಾರದಾ.

ನಾನು ಕೊಡೆ ಬೀಸುತ್ತಾ ಎಡಗಡೆಗೆ ಓಡಿದೆ.